ಹನ್ನೆರಡು ಕೆಟ್ಟ ಬೋರ್ಡುಗಳು

ಜುಲೈ 14

ಅತ್ತೆಗೆ ನಮಸ್ಕಾರ.

ಸುಖವಾಗಿ ತಲುಪಿದೆ ಎಂದು ಫೋನಿನಲ್ಲಿ ಗುಬ್ಬಿಗೆ ಹೇಳಿದ್ದೆ. ಅವಳು ತನ್ನ ಅಜ್ಜಿಗೆ ಹೇಳಿರಬೇಕು. ನೀವು ಫೋನಿನ ಹತ್ತಿರ ಬರಲಿಲ್ಲ. ಬಂದಿದ್ದರೂ ನಮ್ಮಿಬ್ಬರ ಹಣೆಬರಹ ಗೊತ್ತೇ ಇದೆಯಲ್ಲ, ಐದು ನಿಮಿಷ ಮಾತಾಡಿದರೆ ಆರನೆಯ ನಿಮಿಷಕ್ಕೆ ಜಗಳ. ಕಾಗದದಲ್ಲಾದರೆ ನೀವು ನಡುವೆ ಬಾಯಿ ಹಾಕುವಂತಿಲ್ಲ, ನಿಮ್ಮ ಕಾಗದದಲ್ಲಿ ನಾನೂ ಹಾಕುವಂತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಕೋಣೆ ಒಂದು ಇಸ್ತ್ರಿ ಅಂಗಡಿಯ ಮೇಲಿದೆ. ಹಗಲೆಲ್ಲ ನೆಲ ಬೆಚ್ಚಗಿರುತ್ತದೆ. ಒಂದು ಮಂಚ, ಒಂದು ಮೇಜು, ಗೋಡೆಯಲ್ಲಿ ಒಂದು ಮೊಳೆ. ಕಮ್ಯೂನಿಟಿ ಕಾಲೇಜು ಇಲ್ಲಿಂದ ಹತ್ತು ನಿಮಿಷದ ನಡಿಗೆ. ಎಲೆಕ್ಟ್ರಾನಿಕ್ಸ್ ತರಗತಿಯಲ್ಲಿ ನಾವು ಇಪ್ಪತ್ತಾರು ಜನ. ಮೂವತ್ತೈದರ ನಾನೇ ಎಲ್ಲರಿಗಿಂತ ದೊಡ್ಡವಳಿರಬೇಕು ಎಂದು ತಲೆ ತಗ್ಗಿಸಿ ಹೋದರೆ, ನನಗಿಂತ ದೊಡ್ಡವರು ನಾಲ್ಕು ಜನ! ನನ್ನ ಬೆಂಚಿನಲ್ಲಿ ಕೂರುವವರು ಹದಿನೈದು ವರ್ಷ ಲಿಫ್ಟ್ ರಿಪೇರಿ ಮಾಡಿದವರು. ವಯಸ್ಸು ನಲವತ್ತೊಂದು, ತಲೆ ಅರ್ಧ ಬೋಳು, ಆದರೂ ನನ್ನನ್ನು ‘ಅಕ್ಕ’ ಎನ್ನುತ್ತಾರೆ. ನಾಲಿಗೆ ಕಚ್ಚಿಕೊಂಡು ಸುಮ್ಮನಿದ್ದೇನೆ.

ಮೊದಲ ದಿನ ಮೇಷ್ಟ್ರು ಒಬ್ಬೊಬ್ಬರನ್ನೂ ಏನು ಕೆಲಸ ಮಾಡುತ್ತಿದ್ದಿರಿ ಎಂದು ಕೇಳಿದರು. ನೀವು ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಕೇಳಲಿಲ್ಲ, ಆದ್ದರಿಂದ ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಫ್ಯಾಕ್ಟರಿಯಲ್ಲಿ ತಯಾರಾದ ಸರ್ಕ್ಯೂಟ್ ಬೋರ್ಡಿನಲ್ಲಿ ಏನಾದರೂ ಕೆಟ್ಟಿದ್ದರೆ ಅದಕ್ಕೆ ಕೆಂಪು ಸ್ಟಿಕ್ಕರ್ ಅಂಟಿಸಿ ನನ್ನ ಮೇಜಿಗೆ ಕಳಿಸುತ್ತಿದ್ದರು. ನಾನು ಒಂದು ಒಳ್ಳೆಯ ಬೋರ್ಡನ್ನು ಪಕ್ಕದಲ್ಲಿಟ್ಟುಕೊಂಡು ಕೆಟ್ಟದ್ದನ್ನು ಅದರ ಹಾಗೇ ಮಾಡಿ, ಕೆಂಪು ಸ್ಟಿಕ್ಕರ್ ಕಿತ್ತು, ಮುಂದಿನ ಮೇಜಿಗೆ ತಳ್ಳುತ್ತಿದ್ದೆ. ದಿನಕ್ಕೆ ಎಂಬತ್ತು. ಆ ಕೆಲಸಕ್ಕೆ ಯಂತ್ರ ಬಂತು, ನಾನು ಹೊರಗೆ ಬಂದೆ. ಅಷ್ಟು ಹೇಳಿ ಮುಗಿಸುವಷ್ಟರಲ್ಲಿ ಮೇಷ್ಟ್ರು ಒಂದು ಪುಟ್ಟ ಸಾಮಾನನ್ನು ಎತ್ತಿ ಹಿಡಿದರು.

“ಇದೇನಮ್ಮಾ?”

“ಕೆಪಾಸಿಟರ್, ಸಾರ್. ಲಕ್ಷಗಟ್ಟಲೆ ಬೆಸುಗೆ ಹಾಕಿದೀನಿ.”

“ಇದು ಏನು ಮಾಡುತ್ತೆ?”

ಅತ್ತೆ, ನನಗೆ ಗೊತ್ತಿರಲಿಲ್ಲ. ಹನ್ನೊಂದು ವರ್ಷ ಕೈಯಲ್ಲಿ ಹಿಡಿದಿದ್ದೇನೆ, ಅದು ಏನು ಮಾಡುತ್ತದೆ ಎಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಹೊರಡುವ ದಿನ ಬಾಗಿಲಲ್ಲಿ ನಾನು ಆಡಿದ ಮಾತಿನ ಬಗ್ಗೆ ಬರೆಯಬೇಕೆಂದೇ ಹಾಳೆ ತೆಗೆದುಕೊಂಡಿದ್ದೆ. ಹಾಳೆ ಮುಗಿದಿದೆ.

ನಿಮ್ಮ ಸೊಸೆ

ಜುಲೈ 29

ಸೊಸೆಗೆ ಆಶೀರ್ವಾದ.

ಕಾಗದವನ್ನು ಗುಬ್ಬಿ ಎರಡು ಸಲ ಓದಿದಳು, ಮೂರನೆಯ ಸಲ ನಾನೇ ಓದಿಕೊಂಡೆ. ನಿನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಮೂರನೆಯ ಕ್ಲಾಸಿನ ಮಗಳದ್ದು ಅದಕ್ಕಿಂತ ವಾಸಿ.

ಹಾಳೆ ಮುಗಿಯಿತು ಎಂದು ಬರೆದಿದ್ದೀಯ. ಹಿಂದುಗಡೆ ಪೂರ್ತಿ ಖಾಲಿ ಇತ್ತು. ಇರಲಿ. ಆ ಮಾತು ನನಗೆ ನೆನಪಿದೆ. ‘ಮಗನನ್ನ ನೆಟ್ಟಗೆ ಬೆಳೆಸೋಕೆ ಬರದವರು ನನಗೆ ಬುದ್ಧಿ ಹೇಳೋಕೆ ಬರಬೇಡಿ’ ಎಂದೆ. ಓದುವ ವಯಸ್ಸಾ ಇದು, ಮಗುವನ್ನು ಬಿಟ್ಟು ಏಳು ಗಂಟೆ ದಾರಿ ಹೋಗುತ್ತೀಯಾ ಎಂದು ನಾನು ಕೇಳಿದ್ದಕ್ಕೆ ಬಂದ ಉತ್ತರ ಅದು. ನನ್ನ ಮಗ ನಿಮ್ಮಿಬ್ಬರನ್ನು ಬಿಟ್ಟು ಇನ್ನೊಂದು ಸಂಸಾರ ಹೂಡಿ ಮೂರು ವರ್ಷವಾಯಿತು. ಆ ಮಹಾನುಭಾವನ ಜೊತೆ ಹೋಗದೆ ನಿನ್ನ ಮನೆಯಲ್ಲೇ ಉಳಿದವಳು ನಾನು. ಇದಕ್ಕಿಂತ ಹೆಚ್ಚು ನಾನು ಹೇಳುವುದಿಲ್ಲ.

ಗುಬ್ಬಿ ಚೆನ್ನಾಗಿದ್ದಾಳೆ. ಮುಂದಿನ ಹಲ್ಲು ಬಿದ್ದು ‘ಸ’ ಎಂದರೆ ಗಾಳಿ ಬರುತ್ತದೆ. ಅಮ್ಮನಿಗೂ ಹೋಂವರ್ಕ್ ಕೊಡುತ್ತಾರಾ, ಮಾಡದಿದ್ದರೆ ನಿಲ್ಲಿಸುತ್ತಾರಾ ಎಂದು ಕೇಳುತ್ತಿದ್ದಾಳೆ. ನಿಲ್ಲಿಸಲಿ ಎಂದು ಹೇಳಿದ್ದೇನೆ.

ನನ್ನ ಹೊಲಿಗೆ ಮಷೀನಿಗೆ ಈಗ ಬಿಡುವಿಲ್ಲ. ಶಾಲೆ ಶುರುವಾಗಿದೆ, ಬೀದಿಯ ಮಕ್ಕಳೆಲ್ಲ ಒಟ್ಟಿಗೇ ಉದ್ದ ಬೆಳೆದಿದ್ದಾರೆ. ಹೊತ್ತಿಗೆ ಸರಿಯಾಗಿ ಊಟ ಮಾಡು.

ಅತ್ತೆ

ಸೆಪ್ಟೆಂಬರ್ 21

ಅತ್ತೆಗೆ,

ಥಿಯರಿ ಪರೀಕ್ಷೆಯಲ್ಲಿ ನೂರಕ್ಕೆ ಮೂವತ್ತೊಂದು. ಗುಬ್ಬಿಗೆ ಹೇಳಬೇಡಿ. ಲಿಫ್ಟಿನವರಿಗೆ ಇಪ್ಪತ್ತೆಂಟು. ‘ನಾವಿಬ್ಬರೂ ಸೇರಿದರೆ ಫಸ್ಟ್ ಕ್ಲಾಸ್ ಅಲ್ವಾ ಅಕ್ಕಾ’ ಎಂದು ಸಮಾಧಾನ ಮಾಡಿದರು. ಐವತ್ತೊಂಬತ್ತಕ್ಕೆ ಫಸ್ಟ್ ಕ್ಲಾಸೂ ಬರುವುದಿಲ್ಲ, ಅದನ್ನು ಅವರಿಗೆ ಹೇಳಲು ಮನಸ್ಸಾಗಲಿಲ್ಲ.

ಆದರೆ ಲ್ಯಾಬಿನಲ್ಲಿ ನಾನೇ ರಾಣಿ. ಬೆಸುಗೆಯ ದಿನ ಮೇಷ್ಟ್ರು ನನ್ನ ಬೋರ್ಡನ್ನು ಎಲ್ಲರಿಗೂ ತೋರಿಸಿ ಹೀಗಿರಬೇಕು ಎಂದರು. ನನಗೆ ಎರಡು ಕೋಡು ಮೂಡಿದವು. ಕೆಟ್ಟ ಯಂತ್ರ ಕೊಟ್ಟರೆ ಉಳಿದವರು ಪುಸ್ತಕ ತೆರೆಯುವುದರೊಳಗೆ ಸರಿ ಮಾಡಿ ಇಡುತ್ತೇನೆ. ಹಾಗೆ ಮಾಡಿದಾಗಲೆಲ್ಲ ಮೇಷ್ಟ್ರು ನನ್ನ ಪುಸ್ತಕದಲ್ಲಿ ಒಂದೇ ಸಾಲು ಬರೆಯುತ್ತಾರೆ: ‘ಸರಿ ಮಾಡಿದ್ದೀರಿ. ಆದರೆ ಏನಾಗಿತ್ತು?’ ಏನಾಗಿದ್ದರೇನು, ಈಗ ಸರಿಯಾಯಿತಲ್ಲ ಎಂದು ನನಗೆ ಒಳಗೊಳಗೇ ಸಿಟ್ಟು. ಅವರದ್ದು ನಮ್ಮಂಥ ಕೈಯಲ್ಲ, ಬರೀ ಬಾಯಿ.

ಒಂದು ವಿಷಯ ಹೇಳಬೇಕು. ಮೊದಲ ವರ್ಷ ಪಾಸಾದವರಲ್ಲಿ ಆರು ಜನರನ್ನು ಎರಡನೆಯ ವರ್ಷ ಆಸ್ಪತ್ರೆಯ ಯಂತ್ರಗಳ ವಿಭಾಗಕ್ಕೆ ಹಾಕುತ್ತಾರೆ. ಉಸಿರಾಟದ ಯಂತ್ರ, ಎದೆಬಡಿತ ನೋಡುವ ಯಂತ್ರ, ಇಂಥವನ್ನು ನೋಡಿಕೊಳ್ಳುವ ಕೆಲಸ. ಅದನ್ನು ಕಲಿತವರು ಯಾರೂ ಕೆಲಸವಿಲ್ಲದೆ ಕೂತಿಲ್ಲವಂತೆ. ನನಗೆ ಆ ಆರರಲ್ಲಿ ಒಬ್ಬಳಾಗಬೇಕು. ಇನ್ನೊಂದು ಸಲ ಯಾವ ಯಂತ್ರವೂ ನನ್ನ ಮೇಜನ್ನು ಕಿತ್ತುಕೊಳ್ಳಬಾರದು. ಇಷ್ಟು ಆಸೆಯಿಂದ ನಾನು ಯಾವುದನ್ನೂ ಬಯಸಿರಲಿಲ್ಲ, ಅತ್ತೆ.

ನಿಮ್ಮ ಸೊಸೆ

ನವೆಂಬರ್ 10

ಸೊಸೆಗೆ,

ಮೂವತ್ತೊಂದರ ವಿಷಯ ಗುಬ್ಬಿಗೆ ಹೇಳಿಲ್ಲ. ಅವಳೇ ಕಾಗದ ಓದಿಬಿಟ್ಟಿದ್ದಾಳೆ. ಈಗ ತಾನು ಗಣಿತದಲ್ಲಿ ನಲವತ್ತು ತೆಗೆದಾಗ ‘ಅಮ್ಮನಿಗಿಂತ ಜಾಸ್ತಿ’ ಎನ್ನುತ್ತಾಳೆ. ನೀನು ಹೇಗಾದರೂ ಮಾಡಿ ಐವತ್ತು ದಾಟು, ಇಲ್ಲದಿದ್ದರೆ ಈ ಮನೆಯಲ್ಲಿ ಓದು ಎಂದು ಹೇಳುವ ಅಧಿಕಾರ ಯಾರಿಗೂ ಇರುವುದಿಲ್ಲ.

ಮೊನ್ನೆ ಬಟ್ಟೆ ಮಡಚುವಾಗ ಕೇಳಿದಳು, “ಅಜ್ಜಿ, ಅಮ್ಮನೂ ಅಪ್ಪನ ಹಾಗೆ ಬರದೇ ಇದ್ದುಬಿಡ್ತಾಳಾ?” “ನಿಮ್ಮಮ್ಮ ಯಾವ ಕೆಲಸನೂ ಅರ್ಧಕ್ಕೆ ಬಿಟ್ಟವಳಲ್ಲ ಕಣೇ, ಮುಗಿಸ್ಕೊಂಡು ಬರ್ತಾಳೆ” ಎಂದೆ. ಹೇಳಿದ ಮೇಲೆ ಇದನ್ನು ನಿನ್ನ ಎದುರಿಗೆ ಯಾವತ್ತೂ ಹೇಳಿಲ್ಲವಲ್ಲ ಎನಿಸಿತು.

ಥಂಡಿ ಶುರುವಾಗಿದೆ. ಇಸ್ತ್ರಿ ಅಂಗಡಿಯ ಮೇಲಿರುವುದು ಒಳ್ಳೆಯದೇ ಆಯಿತು.

ಅತ್ತೆ

ಫೆಬ್ರವರಿ 2

ಅತ್ತೆಗೆ,

ಖುಷಿಯ ಸುದ್ದಿ. ಮೇಷ್ಟ್ರು ಎರಡು ವಾರ ರಜೆ ಮೇಲೆ ಹೋಗಿದ್ದಾರೆ, ಅವರ ತಾಯಿಗೆ ಕಣ್ಣಿನ ಆಪರೇಷನ್. ಶನಿವಾರ ಮಧ್ಯಾಹ್ನ ಲ್ಯಾಬ್ ತೆರೆದಿಡುತ್ತಾರೆ, ಬೇಕಾದವರು ಅಭ್ಯಾಸ ಮಾಡಬಹುದು. ತಂತಿ ಹುಡುಕಲು ಬೀರು ತೆರೆದರೆ ಕೆಳಗಿನ ಅರೆಯಲ್ಲಿ ಒಂದು ರಟ್ಟಿನ ಡಬ್ಬ. ಒಳಗೆ ಹನ್ನೆರಡು ಬೋರ್ಡು, ಎಲ್ಲಕ್ಕೂ ಕೆಂಪು ಸ್ಟಿಕ್ಕರ್!

ಪಾಪ, ಎಷ್ಟು ವರ್ಷದಿಂದ ಕೆಟ್ಟು ಬಿದ್ದಿದ್ದವೋ, ಯಾರೂ ಕೈ ಹಾಕಿರಲಿಲ್ಲ. ಅವು ನಾವು ತರಗತಿಯಲ್ಲಿ ಬಳಸುವಂಥವೇ, ಸ್ಪೀಕರಿನಿಂದ ಒಂದು ಸಣ್ಣ ರಾಗ ನುಡಿಸುವ ಬೋರ್ಡು. ಒಂದು ಒಳ್ಳೆಯದನ್ನು ಪಕ್ಕದಲ್ಲಿಟ್ಟುಕೊಂಡು ಕೂತೆ. ಫ್ಯಾಕ್ಟರಿ ಬಿಟ್ಟ ಮೇಲೆ ಅಷ್ಟು ಹಾಯಾಗಿ ಎಂದೂ ಕೂತಿರಲಿಲ್ಲ. ಕೈ ತಾನಾಗಿಯೇ ಓಡುತ್ತಿತ್ತು. ಎರಡು ಶನಿವಾರ ಹಿಡಿಯಿತು. ಹನ್ನೆರಡನ್ನೂ ಮುಗಿಸಿ, ಕೆಂಪು ಸ್ಟಿಕ್ಕರುಗಳನ್ನು ಕಿತ್ತು, ಕೊನೆಗೆ ಒಟ್ಟಿಗೆ ಪವರ್ ಕೊಟ್ಟೆ. ಹನ್ನೆರಡೂ ಹಾಡಿದವು. ಲಿಫ್ಟಿನವರು ಚಪ್ಪಾಳೆ ತಟ್ಟಿದರು.

ಸೋಮವಾರ ಮೇಷ್ಟ್ರು ಬರುತ್ತಾರೆ. ಅವರ ಮುಖ ನೋಡಬೇಕು ನನಗೆ.

ನಿಮ್ಮ ಸೊಸೆ

ಫೆಬ್ರವರಿ 8

ಅತ್ತೆಗೆ,

ಅವರ ಮುಖ ನೋಡಿದೆ.

ಅವು ಪರೀಕ್ಷೆಯ ಬೋರ್ಡುಗಳು. ಮೊದಲ ವರ್ಷದ ಪ್ರಾಕ್ಟಿಕಲ್ ಪರೀಕ್ಷೆಗೆ ಮೇಷ್ಟ್ರೇ ಬೇಕೆಂದು ಕೆಡಿಸಿ ಇಟ್ಟಿದ್ದವು. ಒಂದೊಂದರಲ್ಲೂ ಒಂದೊಂದು ದೋಷ. ಎಲ್ಲಾದರೂ ನಿಜವಾಗಿ ಕೆಟ್ಟ ಯಂತ್ರ ಸಿಕ್ಕಿದಾಗ ಅದರ ದೋಷವನ್ನು ನೋಡಿಕೊಂಡು ಬಂದು, ಅದೇ ಥರ ಇಲ್ಲಿ ಮಾಡಿಟ್ಟು, ಹಾಗೆ ಕೂಡಿಸಿದ್ದರಂತೆ. ಕೆಂಪು ಸ್ಟಿಕ್ಕರ್ ಎಂದರೆ ಇಲ್ಲಿ ‘ಯಾರೂ ಮುಟ್ಟಬಾರದು’. ನನಗೆ ಕೆಂಪು ಕಂಡರೆ ‘ರಿಪೇರಿ ಮಾಡು’. ಲೋಕದಲ್ಲಿ ಇನ್ಯಾರಾದರೂ ಈ ತಪ್ಪು ಮಾಡುತ್ತಿದ್ದರಾ ಹೇಳಿ.

ಅವರು ಮೊದಲನೆಯದಕ್ಕೆ ಪವರ್ ಕೊಟ್ಟರು, ಹಾಡಿತು. ಎರಡನೆಯದೂ ಹಾಡಿತು. ಹನ್ನೆರಡೂ ಹಾಡಿ ಮುಗಿದವು. ಆಮೇಲೆ ಯಾರು ಮಾಡಿದ್ದು ಎಂದು ಕೇಳಿದರು. ನಾನು ಶಭಾಷ್ ಅನ್ನಿಸಿಕೊಳ್ಳುವ ಮಗುವಿನ ಹಾಗೆ ಕೈ ಎತ್ತಿದೆ.

ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಆರು ವರ್ಷ ಬೇಕಾಯ್ತಮ್ಮಾ ನನಗೆ, ಇವನ್ನ ಇಷ್ಟು ಚೆನ್ನಾಗಿ ಕೆಡಿಸೋಕೆ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ. ಮಾರ್ಚ್ ಹತ್ತರೊಳಗೆ ಹನ್ನೆರಡನ್ನೂ ಮೊದಲು ಹೇಗಿದ್ದವೋ ಹಾಗೇ ಮಾಡಿಕೊಡಬೇಕು. ಒಂದೊಂದಕ್ಕೂ ಒಂದು ಪುಟ ಬರೆಯಬೇಕು, ಏನು ದೋಷವಿತ್ತು, ಅದರಿಂದ ಏನಾಗುತ್ತಿತ್ತು, ಯಾಕೆ. ಅವರ ಹತ್ತಿರ ಪಟ್ಟಿ ಇದೆ, ತೋರಿಸುವುದಿಲ್ಲ. ಹನ್ನೆರಡೂ ಹೊಂದಿದರೆ ಅದೇ ನನ್ನ ಪ್ರಾಕ್ಟಿಕಲ್ ಪರೀಕ್ಷೆ ಎಂದು ಲೆಕ್ಕ. ಒಂದು ತಪ್ಪಿದರೂ ವಿಷಯ ಪ್ರಿನ್ಸಿಪಾಲರ ಹತ್ತಿರ ಹೋಗುತ್ತದೆ, ಪರೀಕ್ಷೆಯ ಸಾಮಾನು ಮುಟ್ಟಿದವರನ್ನು ಕಾಲೇಜಿನಲ್ಲಿ ಇಟ್ಟುಕೊಳ್ಳುವುದಿಲ್ಲ.

ಏನು ಸರಿ ಮಾಡಿದೆ ಎಂದು ನನಗೆ ನೆನಪಿಲ್ಲ, ಅತ್ತೆ. ಒಂದೂ ನೆನಪಿಲ್ಲ. ಬರೆದಿಟ್ಟಿಲ್ಲ. ದಿನಕ್ಕೆ ಎಂಬತ್ತು ಬೋರ್ಡು ನೋಡುವವಳು ಯಾವುದನ್ನು ನೆನಪಿಟ್ಟುಕೊಳ್ಳುತ್ತಾಳೆ? ಕಿತ್ತ ಸಾಮಾನುಗಳನ್ನು ಹಳೆ ಅಭ್ಯಾಸದಂತೆ ಒಂದು ತಗಡಿನ ಡಬ್ಬಿಗೆ ಹಾಕಿದ್ದೆ. ಏಳು ಇವೆ. ಯಾವುದು ಎಲ್ಲಿಯದು, ದೇವರಿಗೇ ಗೊತ್ತು.

ಬ್ಯಾಗು ಕಟ್ಟಿಟ್ಟಿದ್ದೇನೆ. ಹೊರಹಾಕಿಸಿಕೊಳ್ಳುವುದಕ್ಕಿಂತ ನಾನೇ ಬಂದುಬಿಡುವುದು ಮೇಲು. ಮುಂದಿನ ಶುಕ್ರವಾರದ ಬಸ್ಸಿಗೆ ಬರುತ್ತೇನೆ. ನೀವು ಹೇಳಿದ್ದೇ ಸರಿ ಇತ್ತು.

ನಿಮ್ಮ ಸೊಸೆ

ಫೆಬ್ರವರಿ 11

ಸೊಸೆಗೆ,

ಬ್ಯಾಗು ಬಿಚ್ಚು.

ನಾನು ಹೇಳಿದ್ದು ಸರಿ ಎಂದು ಹನ್ನೆರಡು ವರ್ಷದಲ್ಲಿ ಇವತ್ತು ಮೊದಲ ಸಲ ಒಪ್ಪಿದ್ದೀಯ. ಅದೂ ನಾನು ತಪ್ಪು ಹೇಳಿದ್ದ ವಿಷಯದಲ್ಲಿ. ನನ್ನ ಅದೃಷ್ಟ ನೋಡು.

ಹೋದ ತಿಂಗಳು ಬ್ಯಾಂಕಿನವರೊಬ್ಬರು ಕೋಟು ತಂದರು. ಸಣ್ಣಗಾಗಿದ್ದೇನೆ, ಎರಡೂ ಬದಿ ಹಿಡಿದು ಕೊಡಿ ಎಂದರು. ಹಿಡಿದು ಕೊಟ್ಟೆ. ಹದಿನೈದು ದಿನಕ್ಕೆ ಕೋಟು ವಾಪಸ್. “ಹೆಂಡ್ತಿ ಬೈತಾಳಮ್ಮಾ, ಮೊದಲಿದ್ದ ಹಾಗೇ ಮಾಡಿಕೊಡಿ.” ಮೊದಲು ಹೇಗಿತ್ತು ಎಂದು ನಾನೇನು ಬರೆದಿಟ್ಟಿದ್ದೆನಾ? ಒಳಗಿನ ಅಸ್ತರು ಮಗುಚಿ ಬೆಳಕಿಗೆ ಹಿಡಿದೆ. ಹಳೆಯ ಹೊಲಿಗೆ ಓಡಿದ್ದ ಕಡೆಯೆಲ್ಲ ಸೂಜಿ ತೂತು ಸಾಲಾಗಿ ಕಂಡಿತು. ಅದರ ಮೇಲೇ ಮಷೀನು ಓಡಿಸಿದೆ. ಅವರ ಹೆಂಡತಿಗೆ ವ್ಯತ್ಯಾಸ ಗೊತ್ತಾಗಲಿಲ್ಲ.

ಹೊಲಿದು ಬಿಚ್ಚಿದ ಬಟ್ಟೆಯಲ್ಲಿ ಗುರುತು ಉಳಿಯುತ್ತದೆ. ನಿನ್ನ ಬೋರ್ಡಿನಲ್ಲಿ ಉಳಿಯುವುದಿಲ್ಲವಾ? ನಾಲ್ಕು ಜನರ ಹೊಲಿಗೆಯ ನಡುವೆ ನನ್ನ ಹೊಲಿಗೆ ನನಗೆ ಗೊತ್ತಾಗುತ್ತದೆ. ನಿನ್ನ ಬೆಸುಗೆ ನಿನಗೆ ಗೊತ್ತಾಗದಿದ್ದರೆ ಹನ್ನೊಂದು ವರ್ಷ ಏನು ಮಣ್ಣು ಹೊತ್ತೆ? ಮೊದಲು ನಿನ್ನ ಕೈ ಎಲ್ಲೆಲ್ಲಿ ಬಿದ್ದಿದೆ ನೋಡು. ಆಮೇಲೆ ಅಳು, ಬೇಕಾದರೆ.

ಈ ಮನೆಯಿಂದ ಅರ್ಧಕ್ಕೆ ಬಿಟ್ಟು ಹೋದವರು ಒಬ್ಬರು ಸಾಕು. ಶುಕ್ರವಾರದ ಬಸ್ಸಿಗೆ ಬಂದರೆ ನಾನು ಬಾಗಿಲು ತೆಗೆಯುವುದಿಲ್ಲ, ನನ್ನ ಬುದ್ಧಿ ನಿನಗೆ ಗೊತ್ತಿದೆ.

ಅತ್ತೆ

ಮಾರ್ಚ್ 4

ಅತ್ತೆಗೆ,

ಬಾಗಿಲು ತೆಗೆಯುವುದಿಲ್ಲ ಎಂದ ಮೇಲೆ ಬರುವುದು ಹೇಗೆ! ಬ್ಯಾಗು ಬಿಚ್ಚಿದೆ.

ಗುರುತು ಇದೆ. ಭೂತಗನ್ನಡಿಯ ಕೆಳಗೆ ಇಟ್ಟು ನೋಡಿದಾಗ ನಗು ಬಂತು, ಅಷ್ಟು ಸ್ಪಷ್ಟವಾಗಿದೆ. ಹಳೆಯ ಬೆಸುಗೆ ಬೂದಿ ಬಣ್ಣಕ್ಕೆ ತಿರುಗಿದೆ. ನನ್ನದು ಹೊಳೆಯುತ್ತದೆ, ಎಡಗೈಯವಳಾದ್ದರಿಂದ ಒಂದು ಕಡೆಗೆ ಸ್ವಲ್ಪ ವಾಲಿದೆ. ಇಪ್ಪತ್ತು ದಿನದಿಂದ ನನ್ನ ಹೆಜ್ಜೆಯ ಹಿಂದೆ ನಾನೇ ನಡೆಯುತ್ತಿದ್ದೇನೆ.

ಎಲ್ಲಿ ಮುಟ್ಟಿದೆ ಎಂಬುದು ತಿಳಿಯಿತು, ಆದರೆ ಯಾಕೆ ಮುಟ್ಟಿದೆ? ಅದಕ್ಕೆ ಪುಸ್ತಕ ತೆರೆಯಲೇಬೇಕಾಯಿತು. ಮೊದಲನೆಯ ಬೋರ್ಡಿನಲ್ಲಿ ನಾನು ದೊಡ್ಡ ಕೆಪಾಸಿಟರನ್ನು ಬದಲಾಯಿಸಿದ್ದೆ. ಡಬ್ಬಿಯಲ್ಲಿ ಅಂಥದ್ದು ಒಂದೇ ಇತ್ತು. ಮೀಟರಿಗೆ ಹಿಡಿದರೆ ಒಳಗೆ ಏನೂ ಉಳಿದಿರಲಿಲ್ಲ, ಒಣಗಿಹೋಗಿತ್ತು. ಕೆಪಾಸಿಟರ್ ಏನು ಮಾಡುತ್ತದೆ ಎಂದು ಮೇಷ್ಟ್ರು ಕೇಳಿದ್ದರಲ್ಲ, ಈಗ ಹೇಳುತ್ತೇನೆ ಕೇಳಿ. ಗೋಡೆಯಿಂದ ಬರುವ ಕರೆಂಟು ಏರಿಳಿಯುತ್ತ ಬರುತ್ತದೆ. ಇದು ಏರಿದಾಗ ಒಂದಿಷ್ಟನ್ನು ತನ್ನಲ್ಲಿ ಇಟ್ಟುಕೊಂಡು, ಇಳಿದಾಗ ಕೊಡುತ್ತದೆ. ತಿಂಗಳ ಕೊನೆಯಲ್ಲಿ ನೀವು ಅಕ್ಕಿ ಡಬ್ಬದಿಂದ ನೋಟು ತೆಗೆಯುತ್ತೀರಲ್ಲ, ಅಷ್ಟೇ. ಅದು ಒಣಗಿದರೆ ಏರಿಳಿತ ಹಾಗೇ ಸ್ಪೀಕರಿಗೆ ಹೋಗುತ್ತದೆ. ಅಂದರೆ ರಾಗದ ಜೊತೆ ಗುಂಯ್ ಎನ್ನಬೇಕು. ಒಣಗಿದ್ದನ್ನು ವಾಪಸ್ ಹಾಕಿ ಪವರ್ ಕೊಟ್ಟೆ. ಗುಂಯ್ ಎಂದಿತು! ಒಂದು ಬೋರ್ಡು ಕೆಟ್ಟಿದ್ದಕ್ಕೆ ನಾನು ಲ್ಯಾಬಿನಲ್ಲಿ ಕುಣಿದಾಡಿದೆ. ಲಿಫ್ಟಿನವರಿಗೆ ನನ್ನ ತಲೆ ಕೆಟ್ಟಿತೇನೋ ಎಂದು ಗಾಬರಿ.

ಏಳು ಸಾಮಾನಿಗೂ ಏಳು ಜಾಗ ಸಿಕ್ಕಿತು. ಇನ್ನು ನಾಲ್ಕರಲ್ಲಿ ಸಾಮಾನಿನ ತಪ್ಪಿಲ್ಲ. ಒಂದು ಕಡೆ ಮೇಷ್ಟ್ರು ಕರೆಂಟು ಹರಿಯುವ ತಾಮ್ರದ ದಾರಿ ಕತ್ತರಿಸಿದ್ದರು, ನಾನು ತಂತಿ ಹಾಕಿ ಜೋಡಿಸಿದ್ದೆ. ಎರಡು ಕಡೆ ಬೆಸುಗೆ ಹಿಡಿದಿರಲಿಲ್ಲ, ಒಂದು ಕಡೆ ಪಕ್ಕದ ಕಾಲಿಗೂ ಹರಿದಿತ್ತು. ಒಂದೊಂದಕ್ಕೂ ಪುಟ ಬರೆದಿದ್ದೇನೆ. ಕೆಲವಕ್ಕೆ ನಾಲ್ಕು ಸಲ ಹರಿದು ಬರೆದೆ. ಮೇಷ್ಟ್ರದ್ದು ಬರೀ ಬಾಯಿ ಎಂದು ನಿಮಗೆ ಬರೆದಿದ್ದೆನಲ್ಲ, ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಹನ್ನೊಂದು ಆಯಿತು. ಹನ್ನೆರಡನೆಯದರ ಹತ್ತಿರ ಸಿಕ್ಕಿಬಿದ್ದಿದ್ದೇನೆ. ಅದರಲ್ಲಿ ಎಲ್ಲ ಬೆಸುಗೆಯೂ ನನ್ನದೇ. ಅರವತ್ತೆರಡು ಕಡೆ, ಅರವತ್ತೆರಡೂ ಹೊಳೆಯುತ್ತಿವೆ, ಎಲ್ಲವೂ ವಾಲಿವೆ. ಡಬ್ಬಿ ಖಾಲಿ, ಅಂದರೆ ಸಾಮಾನು ಬದಲಾಯಿಸಿಲ್ಲ. ದಾರಿಗಳನ್ನು ಎಲ್ಲೂ ಕತ್ತರಿಸಿಲ್ಲ. ಅಂದರೆ ಯಾವುದೋ ಒಂದು ಬೆಸುಗೆ ಹಿಡಿದಿರಲಿಲ್ಲ. ಆದರೆ ಅರವತ್ತೆರಡರಲ್ಲಿ ಯಾವುದು?

ನಾಲ್ಕು ದಿನದಿಂದ ಅದೇ ಯೋಚನೆ. ಇವತ್ತು ಲಿಫ್ಟಿನವರು ಪಿಸುಗುಟ್ಟಿದರು, “ಅಕ್ಕಾ, ಯಾವುದಾದ್ರೂ ಒಂದು ಬೆಸುಗೆ ಸಡಿಲ ಮಾಡಿ ಬರೆದುಬಿಡಿ. ಪಟ್ಟೀಲಿ ಅದೇ ಇದ್ರೆ ಬಚಾವ್, ಇಲ್ದಿದ್ರೂ ಸಣ್ಣ ತಪ್ಪು ಅಂತ ಬಿಟ್ಟಾರು.” ಹನ್ನೊಂದು ಸರಿಯಿರುವಾಗ ಅದೊಂದಕ್ಕೆ ಎಲ್ಲ ಕಳೆದುಕೊಳ್ಳುವುದಾ ಎಂದು ನನಗೂ ಅನಿಸಿತು. ಬೆಸುಗೆಯ ಐರನ್ ಬಿಸಿಗಿಟ್ಟು, ಕೈಯಲ್ಲಿ ಹಿಡಿದು ಕೂತಿದ್ದೆ.

ಅಷ್ಟರಲ್ಲಿ ಇನ್ನೊಂದು ಯೋಚನೆ ಬಂತು, ಅದು ಇನ್ನೂ ಹೆಚ್ಚು ಹೆದರಿಕೆಯದು. ನಾನು ಯಾವಾಗ ಎಲ್ಲ ಬೆಸುಗೆಯನ್ನೂ ಮುಟ್ಟುತ್ತೇನೆ? ಏನೂ ಸಿಗದಿದ್ದಾಗ. ಫ್ಯಾಕ್ಟರಿಯಲ್ಲಿ ನಮಗೆ ಪವರ್ ಕೊಟ್ಟು ನೋಡುವ ಅಭ್ಯಾಸವಿರಲಿಲ್ಲ, ಅದು ಮುಂದಿನ ಮೇಜಿನ ಕೆಲಸ. ಇಲ್ಲೂ ಮೊದಲೇ ಪವರ್ ಕೊಟ್ಟು ನೋಡಲಿಲ್ಲ. ಸ್ಟಿಕ್ಕರ್ ಇದೆ, ಅಂದರೆ ಕೆಟ್ಟಿರಲೇಬೇಕು ಎಂದು ಹುಡುಕಿದ್ದೇನೆ, ಸಿಕ್ಕಿಲ್ಲ, ಆದ್ದರಿಂದ ಎಲ್ಲ ಬೆಸುಗೆಯನ್ನೂ ಮತ್ತೆ ಕಾಯಿಸಿ ಬಿಟ್ಟಿದ್ದೇನೆ. ಹಾಗಾದರೆ ಅದರಲ್ಲಿ ಏನಾದರೂ ಇತ್ತೇ?

ಹತ್ತನೆಯ ತಾರೀಖಿಗೆ ಇನ್ನು ಆರು ದಿನ. ಏನು ಬರೆಯಲಿ, ಗೊತ್ತಿಲ್ಲ. ಈ ಕಾಗದ ನಿಮಗೆ ಸೇರುವುದರೊಳಗೆ ಬರೆದಾಗಿರುತ್ತದೆ.

ನಿಮ್ಮ ಸೊಸೆ

ಮಾರ್ಚ್ 12

ಅತ್ತೆಗೆ,

ಪಾಸಾದೆ. ಮೊದಲು ಅದನ್ನು ಬರೆದುಬಿಡುತ್ತೇನೆ, ಇಲ್ಲದಿದ್ದರೆ ಗುಬ್ಬಿ ಕೊನೆಯವರೆಗೂ ಉಸಿರು ಹಿಡಿದುಕೊಂಡೇ ಓದುತ್ತಾಳೆ.

ಮೇಷ್ಟ್ರು ಒಂದು ಬದಿಯಲ್ಲಿ ತಮ್ಮ ಹಳೆಯ ನೋಟ್‌ಬುಕ್ ಇಟ್ಟುಕೊಂಡರು, ಇನ್ನೊಂದು ಬದಿಯಲ್ಲಿ ನನ್ನ ಹಾಳೆಗಳು. ಬೋರ್ಡಿಗೆ ಪವರ್ ಕೊಡುವುದು, ಕೇಳುವುದು, ನನ್ನ ಪುಟ ಓದುವುದು, ಪೆನ್ಸಿಲಿನಿಂದ ಒಂದು ಗೀಟು. ಏಳನೆಯ ಬೋರ್ಡಿನ ಹತ್ತಿರ ನಿಲ್ಲಿಸಿ “ಇದನ್ನ ನೀವೇ ಬರೆದಿದ್ದಾ?” ಎಂದರು. ಹೌದು ಎಂದೆ. “ನನ್ನದಕ್ಕಿಂತ ಚೆನ್ನಾಗಿದೆ” ಎಂದು ಮುಂದೆ ಹೋದರು. ಹನ್ನೊಂದು ಗೀಟು ಬಿದ್ದವು.

ಹನ್ನೆರಡನೆಯದಕ್ಕೆ ಪವರ್ ಕೊಟ್ಟರು. ಅದು ಚೊಕ್ಕವಾಗಿ ಹಾಡಿತು. ಮೇಷ್ಟ್ರು ತಲೆ ಎತ್ತಿ ನನ್ನನ್ನು ನೋಡಿದರು. ಹಾಳೆಗಳ ಅಡಿಯಲ್ಲಿದ್ದ ಪುಟವನ್ನು ಮುಂದೆ ತಳ್ಳಿದೆ. ಅದರಲ್ಲಿ ಎರಡೇ ಸಾಲು ಬರೆದಿದ್ದೆ: ‘ಈ ಬೋರ್ಡಿನಲ್ಲಿ ಯಾವ ದೋಷವೂ ಇರಲಿಲ್ಲ. ಸ್ಟಿಕ್ಕರ್ ನೋಡಿ ಕೆಟ್ಟಿದೆ ಎಂದು ನಂಬಿ, ಏನೂ ಸಿಗದೆ, ಅನ್ಯಾಯವಾಗಿ ಎಲ್ಲವನ್ನೂ ಕಾಯಿಸಿದೆ.’

ಆ ಎರಡು ಸಾಲು ಬರೆಯಲು ಎಷ್ಟು ಕಷ್ಟವಾಯಿತು ಎಂದು ಯಾರಿಗೆ ಹೇಳಲಿ. ಬರೆದರೆ ಫ್ಯಾಕ್ಟರಿಯ ಹನ್ನೊಂದು ವರ್ಷದಲ್ಲೂ ಎಷ್ಟೋ ಒಳ್ಳೆಯ ಬೋರ್ಡುಗಳನ್ನು ಹೀಗೇ ಸುಮ್ಮಸುಮ್ಮನೆ ಸುಟ್ಟಿರಬೇಕು ಎಂದು ಒಪ್ಪಿಕೊಂಡ ಹಾಗೆ. ನನ್ನ ಕೈಯ ಮೇಲೆ ನನಗಿದ್ದ ಜಂಬವೆಲ್ಲ ಇಳಿಯಿತು. ಆದರೂ ಇಲ್ಲದ ತಪ್ಪನ್ನು ಹುಟ್ಟಿಸಿ ಅದರ ಮೇಲೆ ಹೊರಿಸಲು ಕೈ ಬರಲಿಲ್ಲ.

ಮೇಷ್ಟ್ರು ನೋಟ್‌ಬುಕ್ಕನ್ನು ನನ್ನ ಕಡೆ ತಿರುಗಿಸಿದರು. ಹನ್ನೆರಡರ ಮುಂದೆ ‘ಏನೂ ಇಲ್ಲ’ ಎಂದಿತ್ತು. “ಪ್ರತಿ ವರ್ಷ ಒಂದು ಒಳ್ಳೇದನ್ನ ಸೇರಿಸ್ತೀನಿ. ಸಿಕ್ಕಿದವರೆಲ್ಲ ಏನೋ ಒಂದು ದೋಷ ಕಂಡುಹಿಡಿದೇ ಹಿಡೀತಾರೆ. ಆಸ್ಪತ್ರೆ ಯಂತ್ರ ಸರಿಯಾಗಿದ್ದಾಗ ಸರಿಯಾಗಿದೆ ಅಂತ ಹೇಳೋರು ಬೇಕಮ್ಮಾ. ಅದಕ್ಕೆ ಧೈರ್ಯ ಬೇಕು.” ಥಿಯರಿಯಲ್ಲಿ ಐವತ್ತೆಂಟು ಬಂದಿದೆ. ಉಳಿದವರ ಪ್ರಾಕ್ಟಿಕಲ್ ನಿನ್ನೆ ಮುಗಿದು, ಇವತ್ತು ಹಾಕಿದ ಆರು ಜನರ ಪಟ್ಟಿಯಲ್ಲಿ ನಾನು ನಾಲ್ಕನೆಯವಳು, ಲಿಫ್ಟಿನವರು ಆರನೆಯವರು. ಅವರು ಅತ್ತೇಬಿಟ್ಟರು.

ಈಗ ಬಾಗಿಲಲ್ಲಿ ಆಡಿದ ಮಾತು. ಹಾಳೆ ಇನ್ನೂ ಇದೆ, ಹಿಂದುಗಡೆಯೂ ಖಾಲಿ ಇದೆ. ತಪ್ಪಾಯಿತು, ಅತ್ತೆ. ಸಿಟ್ಟಿಗೆ ಆಡಿದೆ, ಎಲ್ಲಿ ಚುಚ್ಚಿದರೆ ನೋಯುತ್ತದೆ ಎಂದು ತಿಳಿದೇ ಆಡಿದೆ. ಕ್ಷಮಿಸಿ.

ಆಸ್ಪತ್ರೆ ವಿಭಾಗದ ಓದು ಇನ್ನೂ ಒಂದು ವರ್ಷ ಇದೆ. ಕಾಲೇಜಿನ ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ಮನೆ ನೋಡಿದ್ದೇನೆ. ಮುಂದಿನ ಕೋಣೆಗೆ ಬೀದಿಯ ಬೆಳಕು ಚೆನ್ನಾಗಿ ಬೀಳುತ್ತದೆ, ಹೊಲಿಗೆ ಮಷೀನು ಹಿಡಿಸುತ್ತದೆ, ಅಳೆದು ನೋಡಿದೆ. ಗುಬ್ಬಿಗೆ ಶಾಲೆ ಹತ್ತಿರ. ನೀವಿಬ್ಬರೂ ಬರಬೇಕು. ಗುಬ್ಬಿಯನ್ನು ಮಾತ್ರ ಕರೆಸಿಕೊಳ್ಳುತ್ತೇನೆ ಎಂದು ನೀವು ಒಳಗೊಳಗೇ ಹೆದರಿದ್ದೀರಿ ಎಂದು ನನಗೆ ಅನುಮಾನ. ಹಾಗೇನಾದರೂ ಇದ್ದರೆ ಬಿಟ್ಟುಬಿಡಿ.

ನಿಮ್ಮ ಸೊಸೆ

ಮಾರ್ಚ್ 18

ಸೊಸೆಗೆ ತುಂಬು ಆಶೀರ್ವಾದ.

ಗುಬ್ಬಿ ಇಡೀ ಬೀದಿಗೆ ಸುದ್ದಿ ಹೇಳಿ ಬಂದಳು. ಐವತ್ತೆಂಟು ಎಂಬುದನ್ನು ಎಂಬತ್ತೈದು ಮಾಡಿ ಹೇಳಿದ್ದಾಳೆ. ನಾನು ತಿದ್ದಲು ಹೋಗಿಲ್ಲ.

ಮನೆಯ ವಿಷಯ. ಅಳೆದೆ ಎಂದಿದ್ದೀಯ, ಮಷೀನಿನ ಮುಂದೆ ಕೂರುವ ನನ್ನನ್ನೂ ಸೇರಿಸಿ ಅಳೆದೆಯೋ ಇಲ್ಲವೋ? ಇಂಥದ್ದರಲ್ಲಿ ನಿನ್ನನ್ನು ನಂಬುವಂತಿಲ್ಲ, ನಾನೇ ಬಂದು ನೋಡುತ್ತೇನೆ. ಗುಬ್ಬಿಯ ಪರೀಕ್ಷೆ ಇಪ್ಪತ್ತೆಂಟಕ್ಕೆ ಮುಗಿಯುತ್ತದೆ. ಮೂವತ್ತರ ಬೆಳಗಿನ ಬಸ್ಸಿಗೆ ಹೊರಡುತ್ತೇವೆ. ಮಷೀನು ಇಳಿಸಲು ಆ ಲಿಫ್ಟಿನವರನ್ನು ಕರೆದುಕೊಂಡು ಬಾ. ಇಷ್ಟು ವರ್ಷ ಭಾರ ಎತ್ತಿಸಿದವರು ಇದನ್ನೂ ಎತ್ತಲಿ.

ಹೆದರಿದ್ದೆ, ಸುಳ್ಳು ಹೇಳುವುದಿಲ್ಲ. ಮಗ ಹೋದ ಮೇಲೆ ಸೊಸೆಯ ಮನೆಯಲ್ಲಿ ಅತ್ತೆಗೆ ಏನು ಹಕ್ಕು? ನೀನು ಓದಲು ಹೋಗುವುದಕ್ಕೆ ಅಡ್ಡ ಬಂದದ್ದೂ ಅದಕ್ಕೇ. ವಯಸ್ಸು, ಮಗು, ಎಲ್ಲ ನೆಪ.

ನಿನ್ನ ಹನ್ನೆರಡನೆಯ ಬೋರ್ಡಿನ ವಿಷಯವನ್ನು ಗುಬ್ಬಿ ಶಾಲೆಗೆ ಹೋದ ಮೇಲೆ ಒಬ್ಬಳೇ ಕೂತು ಓದಿದೆ. ಆಮೇಲೆ ಮಧ್ಯಾಹ್ನದವರೆಗೆ ಮಷೀನು ಮುಟ್ಟಲಾಗಲಿಲ್ಲ.

ನನ್ನ ಮಗ ಬಿಟ್ಟುಹೋದ ಮೇಲೆ ನೀನು ಏನೇನು ಮಾಡಿದೆ ಎಂದು ನಾನು ನೋಡಿದ್ದೇನೆ. ಕನ್ನಡಿಯ ಮುಂದೆ ಸುಮ್ಮನೆ ನಿಲ್ಲುತ್ತಿದ್ದೆ. ಮಾತು ಕಡಿಮೆ ಮಾಡಿದೆ, ಜೋರಾಗಿ ನಗುವುದನ್ನು ಬಿಟ್ಟೆ. ‘ನನ್ನಲ್ಲಿ ಏನು ಕೊರತೆ ಇತ್ತು’ ಎಂದು ಒಂದೊಂದನ್ನೇ ಹುಡುಕಿ ಹುಡುಕಿ ಸುಟ್ಟುಕೊಂಡೆ. ನೆರೆಹೊರೆಯವರು ಬಂದು ‘ಗಂಡ ಸುಮ್ಮನೆ ಬಿಟ್ಟುಹೋಗ್ತಾನಾ, ಅವಳಲ್ಲೇ ಏನೋ ಇರಬೇಕು’ ಎಂದು ನನ್ನೆದುರಿಗೇ ಹೇಳಿದರು. ನಾನು ಅವರಿಗೆ ಟೀ ಕೊಟ್ಟು ಕಳಿಸಿದೆ. ಬಾಯಿ ಬಿಟ್ಟಿದ್ದರೆ ತಪ್ಪು ನನ್ನ ಮಗನ ಮೇಲೆ ಬರುತ್ತಿತ್ತು, ಬೆಳೆಸಿದ ನನ್ನ ಮೇಲೆ ಬರುತ್ತಿತ್ತು. ನಿನ್ನ ಮೇಲೇ ಇರಲಿ ಎಂದು ಬಿಟ್ಟೆ. ನೀನು ಬಾಗಿಲಲ್ಲಿ ಆಡಿದ ಒಂದು ಮಾತಿಗೆ ಕ್ಷಮೆ ಕೇಳಿದ್ದೀಯ. ನಾನು ಆಡದೇ ಉಳಿದದ್ದಕ್ಕೆ ಮೂರು ವರ್ಷದ ಲೆಕ್ಕವಿದೆ. ಅದಕ್ಕೆ ಹೇಗೆ ಕ್ಷಮೆ ಕೇಳಬೇಕೋ ನನಗೆ ತಿಳಿಯದು. ನನ್ನ ಕೈಲಾಗುವುದು ಒಂದು ಪುಟ ಬರೆಯುವುದು. ಬೇಕಾದರೆ ನಿನ್ನ ಮೇಷ್ಟ್ರಿಗೂ ತೋರಿಸು.

ನನ್ನ ಸೊಸೆಯಲ್ಲಿ ಯಾವ ದೋಷವೂ ಇರಲಿಲ್ಲ. ಹನ್ನೆರಡು ವರ್ಷ ಒಂದೇ ಸೂರಿನ ಕೆಳಗೆ ಇದ್ದು, ಕಣ್ಣಾರೆ ನೋಡಿ ಬರೆದಿದ್ದೇನೆ.

ಸಹಿ,
ನಿನ್ನ ಅತ್ತೆ